ವಾದ್ಯದವರ ಹಲ್ಲಿನ ಕಡೆಗೂ ಸಂಘಗಳು ಗಮನ ಹರಿಸಲಿ

ಮುಂಬಯಿ ಮತ್ತು ಉಪನಗರಗಳ ತುಳು-ಕನ್ನಡಿಗರ ಮದುವೆ, ಪೂಜೆಗಳಲ್ಲಿ ಸ್ಯಾಕ್ಸೋಫೋನ್ ಹೊಸತಲ್ಲ. ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು 1994ರಲ್ಲಿ ಲಂಡನಿನ ಬಿಬಿಸಿ ಪ್ರಾಮ್ಸ್ ವೇದಿಕೆಯೇರಿ, 2004ರಲ್ಲಿ ಪದ್ಮಶ್ರೀ ಪಡೆದು, 2019ರಲ್ಲಿ ನಿಧನರಾಗುವ ತನಕ ಈ ವಾದ್ಯದ ಗೌರವವನ್ನು ಹೆಚ್ಚಿಸಿದರು. ಆದರೆ ಊದುವ ವಾದ್ಯವನ್ನೇ ನಂಬಿದ ಸಾಮಾನ್ಯ ಕಲಾವಿದನ ಮುಂದಿನ ಹಲ್ಲು ಉದುರಿದರೆ ಅವನ ಗತಿಯೇನು ಎಂಬ ಪ್ರಶ್ನೆ ಸಂಘಗಳ ಸಭೆಗಳಲ್ಲಿ ಬರುವುದು ಅಪರೂಪ.

ಇದು ಬರೇ ಅಂದಚೆಂದದ ವಿಷಯವಲ್ಲ. ಸ್ಯಾಕ್ಸೋಫೋನ್ ಊದುವಾಗ ಮೇಲಿನ ಹಲ್ಲು ನೇರವಾಗಿ ಊದುಮೂತಿಯ ಮೇಲೆ ಕೂರುತ್ತದೆ. ಕೆಳಗಿನ ಹಲ್ಲು ತುಟಿಗೆ ಆಧಾರ. ಬ್ಯಾಂಡಿನ ಟ್ರಂಪೆಟ್‌ನಲ್ಲಾದರೆ ತುಟಿಗಳೇ ಕಂಪಿಸಿ ನಾದ ಹುಟ್ಟಬೇಕು. ಅವುಗಳ ಹಿಂದೆ ಹಲ್ಲುಗಳು ಗೋಡೆಯಂತೆ ನಿಲ್ಲಬೇಕು. ಪೂರ್ತಿ ಹಲ್ಲಿನ ಸೆಟ್ಟು ಅಂಗುಳಿಗೆ ಅಂಟಿ ನಿಂತಿರುತ್ತದೆ. ಮುಂದಿನಿಂದ ಒತ್ತಡ ಬಿದ್ದರೆ ಹಿಂಭಾಗ ಸಡಿಲಗೊಂಡು ಸೆಟ್ಟು ಜಾರುತ್ತದೆ, ಸ್ವರ ಕೆಡುತ್ತದೆ. ದವಡೆ ಎಲುಬು ವರ್ಷ ಕಳೆದಂತೆ ಸವೆಯುವುದರಿಂದ ಒಮ್ಮೆ ಸರಿಹೊಂದಿದ ಸೆಟ್ಟೂ ಮತ್ತೆ ಸಡಿಲವಾಗುತ್ತದೆ.

ಹಾಗೆಂದು ವಾದನ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಅಮೆರಿಕದ ಟ್ರಂಪೆಟ್ ವಾದಕ ಚೆಟ್ ಬೇಕರ್ 1966ರಲ್ಲಿ ಹಲ್ಲೆಗೊಳಗಾಗಿ, ಹಲ್ಲುಗಳನ್ನು ಕಳೆದುಕೊಂಡರೂ ಸೆಟ್ಟು ಹಾಕಿ ಊದುವುದನ್ನು ಮತ್ತೆ ಕಲಿತು 1970ರ ದಶಕದಲ್ಲಿ ವೇದಿಕೆಗೆ ಮರಳಿದರು. ಕೃತಕ ಬೇರು ನೆಟ್ಟು ಕೂರಿಸುವ ಹಲ್ಲು ಇನ್ನೂ ಭದ್ರ. ಆದರೆ ಅದು ದುಬಾರಿ, ಎಲುಬಿನೊಂದಿಗೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಮದುವೆಯ ಸೀಸನ್ನೇ ವರ್ಷದ ಸಂಪಾದನೆಯಾಗಿರುವವನಿಗೆ ಆ ತಿಂಗಳುಗಳ ಮನೆಖರ್ಚು ಯಾರು ನೋಡಬೇಕು?

ಖರ್ಚಿಲ್ಲದ ಕೆಲವು ಎಚ್ಚರಿಕೆಗಳಿವೆ. ಕಲಾವಿದರು ದಂತವೈದ್ಯರಲ್ಲಿಗೆ ವಾದ್ಯವನ್ನೂ ಒಯ್ದು ಊದಿ ತೋರಿಸಬೇಕು. ಹಲ್ಲು ಸರಿಯಿರುವಾಗಲೇ ಅಚ್ಚು ತೆಗೆಸಿಟ್ಟರೆ ಮುಂದೆ ಅದೇ ಆಕಾರದಲ್ಲಿ ಹಲ್ಲು ಕಟ್ಟಲು ಅನುಕೂಲ. ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಲ್ಲೇ ನಿಷೇಧವಾಗಿದೆ. ತಂಬಾಕು-ಅಡಿಕೆಯ ಚಟವನ್ನೂ ಬಿಟ್ಟರೆ ವಸಡು, ಹಲ್ಲು ಎರಡೂ ಉಳಿದಾವು.

ನಮ್ಮ ಸಂಘ-ಸಂಸ್ಥೆಗಳು ನಡೆಸುವ ನೇತ್ರ ತಪಾಸಣೆ, ರಕ್ತದಾನ, ಮಧುಮೇಹ ಶಿಬಿರಗಳು ಶ್ಲಾಘನೀಯ. ಅವುಗಳ ಜತೆ ವರ್ಷಕ್ಕೊಂದು ದಂತ ಶಿಬಿರ ನಡೆಸಿ, ನಮ್ಮ ಕಾರ್ಯಕ್ರಮಗಳಿಗೆ ಬರುವ ವಾದ್ಯದವರನ್ನೂ ಕರೆಯಬಾರದೇಕೆ? ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ದಂತ ಆಸ್ಪತ್ರೆಯಿದೆ, ಸೈಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜಿದೆ. ಅಲ್ಲಿಗೆ ಒಬ್ಬ ಕಾರ್ಯಕರ್ತ ಜತೆಗೆ ಹೋದರೂ ಕಲಾವಿದನಿಗೆ ದೊಡ್ಡ ಉಪಕಾರ. ವೈದ್ಯಕೀಯ ನೆರವು ನಿಧಿಯ ಠೇವಣಿಯಿಂದ ಬರುವ ಬಡ್ಡಿಯಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿಟ್ಟರೆ ಮೂಲಧನಕ್ಕೆ ಧಕ್ಕೆಯಿಲ್ಲ.

ವೇದಿಕೆಯಲ್ಲಿ ಶಾಲು, ಹಾರ, ಸ್ಮರಣಿಕೆ ಕೊಟ್ಟು ಕಲಾವಿದರನ್ನು ಗೌರವಿಸುವುದು ಒಳ್ಳೆಯ ಸಂಪ್ರದಾಯ. ಆದರೆ ಶಾಲಿಗಿಂತ ಗಟ್ಟಿಯಾದ ಹಲ್ಲು ಅವರ ಮನೆಯ ಒಲೆಯನ್ನು ಹೆಚ್ಚು ಕಾಲ ಉರಿಸೀತು. ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಈ ವಿಷಯವನ್ನು ಎತ್ತಿಕೊಳ್ಳುವುದು ಒಳಿತು.