ಕಣ್ಣಿನ ಪೊರೆ: ಅಂಜಿಕೆಯೂ ಬೇಡ, ಆಲಸ್ಯವೂ ಬೇಡ

ಪರಸ್ಥಳದಲ್ಲಿ ದುಡಿದು ಬಾಳುವ ನಮ್ಮ ಜನರಿಗೆ ಕೈಕಾಲುಗಳಷ್ಟೇ ಕಣ್ಣೂ ಒಂದು ಬಂಡವಾಳ. ಕಾವಲಿಯ ಮುಂದೆ ನಿಂತ ಭಟ್ಟರಿಗೆ ದೋಸೆ ಕೆಂಪಗಾದುದು ಕಾಣಬೇಕು. ಗಲ್ಲೆಯಲ್ಲಿ ಕುಳಿತವರಿಗೆ ನೋಟಿನ ಮೇಲಣ ಅಂಕಿ ತಿಳಿಯಬೇಕು. ಕಚೇರಿಯ ಗುಮಾಸ್ತರಿಗೆ ಮೂರಕ್ಕೂ ಎಂಟಕ್ಕೂ ಇರುವ ಅಂತರ ತಪ್ಪಬಾರದು. ಇಂಥವರ ಕಣ್ಣು ಮಂಜಾಗತೊಡಗಿದಾಗ ಅವರು ಮೊದಲು ಮಾಡುವ ಕೆಲಸವೆಂದರೆ ಅದನ್ನು ಮುಚ್ಚಿಡುವುದು. ಮಾಲಿಕರಿಗೆ ತಿಳಿದರೆ ಕೆಲಸ ಹೋದೀತು, ಶಸ್ತ್ರಕ್ರಿಯೆಯೆಂದರೆ ಇರುವ ಕಣ್ಣೂ ಹೋದೀತು, ಖರ್ಚಿಗೆ ಸಾಲ ಮಾಡಬೇಕಾದೀತು ಎಂಬ ಮೂರು ಭಯಗಳು ಅವರನ್ನು ವರ್ಷಗಟ್ಟಲೆ ಸುಮ್ಮನಿರಿಸುತ್ತವೆ. ಐವತ್ತು ವರ್ಷ ಮೀರಿದ ಭಾರತೀಯರಲ್ಲಿ ಕುರುಡುತನಕ್ಕೆ ತುತ್ತಾದವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಪೊರೆಯೇ ಕಾರಣವೆಂದು ೨೦೧೫ರಿಂದ ೨೦೧೯ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಿತು. ಗುಣಪಡಿಸಬಹುದಾದ ಕುರುಡನ್ನು ಇಷ್ಟು ಜನ ಹೊತ್ತು ತಿರುಗುವುದು ವಿಷಾದದ ಸಂಗತಿ. ಈ ಮೂರು ಭಯಗಳೂ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಾಮರ್ಶಿಸುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಪೊರೆ ಎಂಬ ಹೆಸರೇ ಒಂದು ತಪ್ಪು ಕಲ್ಪನೆಗೆ ಎಡೆಗೊಟ್ಟಿದೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಕಣ್ಣಿನ ಮೇಲೆ ಏನೋ ಬೆಳೆಯುತ್ತದೆ, ಅದನ್ನು ಸುಲಿದು ತೆಗೆಯುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಕಣ್ಣಿನ ಪಾಪೆಯ ಹಿಂದೆ, ಒಂದು ತೆಳುವಾದ ಚೀಲದೊಳಗೆ, ಗಾಜಿನಂತೆ ತಿಳಿಯಾದ ಮಸೂರವೊಂದಿದೆ. ಬೆಳಕನ್ನು ಒಳಗಿನ ಅಕ್ಷಿಪಟಲದ ಮೇಲೆ ಕೂಡಿಸುವುದು ಅದರ ಕೆಲಸ. ವಯಸ್ಸಾದಂತೆ ಈ ಮಸೂರದ ಸಸಾರಜನಕ ದ್ರವ್ಯಗಳು ಮಾರ್ಪಟ್ಟು, ಬಿಸಿ ತಾಗಿದ ಮೊಟ್ಟೆಯ ಬಿಳಿಯಂತೆ ಅದು ಮಬ್ಬಾಗುತ್ತದೆ. ಇದೇ ಪೊರೆ, ಮುಂಬಯಿ, ಪುಣೆಗಳಲ್ಲಿ ಮೋತಿಬಿಂದು ಎನ್ನುವುದೂ ಇದನ್ನೇ. ವಯಸ್ಸಿನ ಜೊತೆಗೆ ಸಿಹಿಮೂತ್ರ ರೋಗ, ಬೀಡಿ ಸಿಗರೇಟು, ಕಣ್ಣಿಗೆ ಬಿದ್ದ ಪೆಟ್ಟು, ಸ್ಟೀರಾಯ್ಡ್ ಔಷಧಗಳ ದೀರ್ಘಕಾಲದ ಬಳಕೆ, ಪ್ರಖರವಾದ ಬಿಸಿಲು ಇವೂ ಅದನ್ನು ಬೇಗ ತರುತ್ತವೆ. ಕಟ್ಟಿಗೆಯ ಒಲೆಯ ಹೊಗೆಗೂ ಪೊರೆಗೂ ಸಂಬಂಧವಿರುವುದನ್ನು ಸಂಶೋಧಕರು ಗಮನಿಸಿದ್ದಾರೆ. ಕಂಪ್ಯೂಟರಿನ ಮುಂದೆ ಕುಳಿತುದರಿಂದ ಕಣ್ಣು ದಣಿಯಬಹುದು, ಪೊರೆ ಬರುವುದಿಲ್ಲ.

ಪೊರೆ ಬರುವಾಗ ನೋವಿಲ್ಲ, ಕೆಂಪಿಲ್ಲ. ದೀಪದ ಸುತ್ತ ಬೆಳಕಿನ ಬಳೆ ಕಾಣುವುದು, ಎದುರಿನ ಮೋಟಾರಿನ ಬೆಳಕಿಗೆ ಕಣ್ಣು ಕುಕ್ಕುವುದು, ಬಿಳಿಯ ಪಂಚೆ ಹಳದಿಯಾಗಿ ತೋರುವುದು, ಮತ್ತೆ ಮತ್ತೆ ಕನ್ನಡಕ ಬದಲಾಯಿಸಬೇಕಾಗುವುದು ಇವು ಲಕ್ಷಣಗಳು. ಕೆಲವರಿಗೆ ಅರುವತ್ತರ ಮೇಲೆ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪತ್ರಿಕೆ ಓದಲು ಬರುತ್ತದೆ. ಕಣ್ಣು ಮರಳಿ ಹರೆಯಕ್ಕೆ ಬಂದಿತೆಂದು ಅವರು ಹಿಗ್ಗುತ್ತಾರೆ. ಅದು ಪೊರೆ ಗಟ್ಟಿಯಾಗುತ್ತಿರುವುದರ ಗುರುತು; ಆ ಹಿಗ್ಗು ಹೆಚ್ಚು ದಿನ ಬಾಳುವುದಿಲ್ಲ.

ಇದನ್ನು ಕರಗಿಸುವ ಹನಿಯಾಗಲಿ, ಗುಳಿಗೆಯಾಗಲಿ, ಜೇನುತುಪ್ಪವಾಗಲಿ, ಬೇರುರಸವಾಗಲಿ ಇಲ್ಲ. ಪೇಟೆಯ ಮೂಲೆಯಲ್ಲಿ ಅಂಥದನ್ನು ಮಾರುವವರನ್ನು ನಂಬಿ ಕಣ್ಣಿಗೆ ಸೋಂಕು ತಂದುಕೊಳ್ಳಬಾರದು. ಶಸ್ತ್ರಕ್ರಿಯೆಯೊಂದೇ ದಾರಿ. "ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ" ಎಂಬ ಮಾತು ನಮ್ಮ ಹಿರಿಯರ ಕಾಲದ್ದು. ಆಗ ಅದಕ್ಕೆ ಕಾರಣವಿತ್ತು. ಕಣ್ಣನ್ನು ಅಗಲವಾಗಿ ಕೊಯ್ದು ಮಸೂರವನ್ನೇ ಇಡಿಯಾಗಿ ತೆಗೆಯುತ್ತಿದ್ದರು. ರೋಗಿ ದಿನಗಟ್ಟಲೆ ತಲೆ ಅಲುಗಿಸದೆ ಮಲಗಬೇಕಾಗಿತ್ತು. ಬಳಿಕ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬರುತ್ತಿತ್ತು. ಅಷ್ಟು ಕಷ್ಟಕ್ಕೆ ಪೂರ್ತಿ ಕುರುಡಾದ ಮೇಲೆಯೇ ಒಡ್ಡಿಕೊಳ್ಳುವುದು ಸಹಜವಾಗಿತ್ತು.

ಆ ಕಾಲ ಕಳೆದುಹೋಗಿದೆ. ಯುದ್ಧವಿಮಾನಗಳ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ವೈಮಾನಿಕರ ಕಣ್ಣಿನೊಳಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡುದನ್ನು ಗಮನಿಸಿದ ಇಂಗ್ಲೆಂಡಿನ ಡಾ. ಹೆರಾಲ್ಡ್ ರಿಡ್ಲಿ ಅವರು ೧೯೪೯ರಲ್ಲಿ ಅದೇ ಜಾತಿಯ ದ್ರವ್ಯದಿಂದ ಮಾಡಿದ ಕೃತಕ ಮಸೂರವನ್ನು ರೋಗಿಯ ಕಣ್ಣಿನೊಳಗೆ ಇಟ್ಟರು. ೧೯೬೭ರಲ್ಲಿ ಅಮೆರಿಕೆಯ ಡಾ. ಚಾರ್ಲ್ಸ್ ಕೆಲ್ಮನ್ ಅವರು ಶಬ್ದಾತೀತ ಕಂಪನದಿಂದ ಪೊರೆಯನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನವನ್ನು ಕಂಡುಹಿಡಿದರು. ಇಂದು ಕೊಯ್ತ ಎರಡು ಮೂರು ಮಿಲಿಮೀಟರು. ಸಾಮಾನ್ಯವಾಗಿ ಹೊಲಿಗೆಯೇ ಬೇಡ. ಬಲಿಯಲೆಂದು ಕಾದರೆ ಈಗ ಲಾಭವಿಲ್ಲ, ನಷ್ಟವುಂಟು. ಅತಿಯಾಗಿ ಬಲಿತ ಪೊರೆಯನ್ನು ತೆಗೆಯುವುದು ಕಷ್ಟ. ಅದರಿಂದ ಕಣ್ಣಿನ ಒತ್ತಡವೇರಿ ನರ ಕೆಡುವುದೂ ಉಂಟು. ಹಾಗೆಂದು ಪೊರೆಯೆಂದೊಡನೆ ನಾಳೆಯೇ ಓಡಬೇಕಾಗಿಲ್ಲ. ನಿತ್ಯದ ಕೆಲಸಕ್ಕೆ ತೊಡಕಾಗುವ ಹೊತ್ತೇ ತಕ್ಕ ಹೊತ್ತು. ಚಳಿಗಾಲವೇ ಆಗಬೇಕೆಂಬ ನಿಯಮವೂ ಈಗಿಲ್ಲ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆಂಬುದು ಮೊದಲೇ ತಿಳಿದಿದ್ದರೆ ಅರ್ಧ ಭಯ ಕಡಿಮೆಯಾಗುವುದು. ಮೊದಲು ಹನಿ ಹಾಕಿ ಪಾಪೆಯನ್ನು ಅಗಲಿಸಿ ಒಳಗಣ್ಣನ್ನು ನೋಡುತ್ತಾರೆ. ಕಣ್ಣಿನ ಒತ್ತಡ, ರಕ್ತದೊತ್ತಡ, ರಕ್ತದ ಸಕ್ಕರೆ ಪರೀಕ್ಷಿಸುತ್ತಾರೆ. ಹಾಕಬೇಕಾದ ಮಸೂರದ ಶಕ್ತಿಯನ್ನು ಅಳೆಯುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆಯನ್ನಾಗಲಿ, ಮೂತ್ರದ ತೊಂದರೆಗೆ ಔಷಧವನ್ನಾಗಲಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಬಹುಮಂದಿಗೆ ಮೈಮರೆಸುವ ಅಗತ್ಯವಿಲ್ಲ. ಹನಿಯಿಂದಲೋ ಚುಚ್ಚುಮದ್ದಿನಿಂದಲೋ ಕಣ್ಣಷ್ಟೇ ಮರಗಟ್ಟುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಯುವುದು. ಅದೇ ದಿನ ಮನೆಗೆ ಕಳುಹಿಸುವುದೇ ರೂಢಿ. ಸಾಮಾನ್ಯವಾಗಿ ಎರಡು ಕಣ್ಣುಗಳಿಗೂ ಒಂದೇ ದಿನ ಮಾಡುವುದಿಲ್ಲ.

ಕೆಲವು ದಿನ ಮರಳು ಬಿದ್ದಂತೆ ಚುಚ್ಚುವುದು, ನೀರೂರುವುದು ಸಹಜ. ನಾಲ್ಕಾರು ವಾರ ಹನಿ ಹಾಕಬೇಕು; ಕಣ್ಣುಜ್ಜಬಾರದು; ವೈದ್ಯರು ಒಪ್ಪುವವರೆಗೆ ತಲೆಗೆ ನೀರು ಹೊಯ್ದುಕೊಳ್ಳಬಾರದು, ಭಾರ ಎತ್ತಬಾರದು, ಹೊಗೆ ಧೂಳುಗಳ ಬಳಿ ಸುಳಿಯಬಾರದು. ನೋವು ಹೆಚ್ಚಿದರೆ, ಕೆಂಪು ಏರಿದರೆ, ಕೀವು ಬಂದರೆ, ಕಾಣುತ್ತಿದ್ದುದು ಮಸುಕಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಸೋಂಕು ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣನ್ನು ಕೆಡಿಸಬಲ್ಲದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜಾದರೆ ಪೊರೆ ಮರಳಿ ಬಂದಿತೆಂದು ಎದೆಗುಂದಬೇಕಾಗಿಲ್ಲ. ಮಸೂರದ ಹಿಂದಿನ ಚೀಲ ಮಬ್ಬಾಗಿರುತ್ತದೆ. ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸುವರು.

ಅತಿಯಾದ ಆಸೆಯೂ ಸಲ್ಲದು. ಸಿಹಿಮೂತ್ರದಿಂದ ಅಕ್ಷಿಪಟಲ ಕೆಟ್ಟಿದ್ದರೆ, ಇಲ್ಲವೇ ಗ್ಲಾಕೋಮಾದಿಂದ ಕಣ್ಣಿನ ನರ ಸೊರಗಿದ್ದರೆ ಪೊರೆ ತೆಗೆದ ಮಾತ್ರಕ್ಕೆ ಪೂರ್ಣ ದೃಷ್ಟಿ ಬಾರದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದೇ ಇಲ್ಲ. ಮಂಜಾದುದೆಲ್ಲ ಪೊರೆಯೆಂದು ತಾವೇ ತೀರ್ಮಾನಿಸಿ ಕಾದು ಕುಳಿತವರು ಕಣ್ಣನ್ನು ಕಳೆದುಕೊಳ್ಳುವುದು ಇಲ್ಲಿಯೇ.

ಇನ್ನು ಖರ್ಚಿನ ಮಾತು. ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ೧೯೭೬ರಲ್ಲಿ ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ, ಬಡವರಿಗೆ ಉಚಿತವಾಗಿಯೇ ಉತ್ತಮ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟಿತು. ಅದರ ಆಶ್ರಯದಲ್ಲಿ ೧೯೯೨ರಲ್ಲಿ ಹುಟ್ಟಿದ ಕಾರ್ಖಾನೆ, ಪರದೇಶದಿಂದ ತರಿಸುತ್ತಿದ್ದ ದುಬಾರಿ ಮಸೂರವನ್ನು ಬಡವರ ಕೈಗೆಟುಕುವಂತೆ ಮಾಡಿತು. ಅದಕ್ಕೂ ಮೊದಲು ನಮ್ಮ ನಾಡಿನವರೇ ಆದ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಯಲ್ಲಿ ಶಿಬಿರ ಹೂಡಿ ಅಸಂಖ್ಯಾತ ಬಡವರಿಗೆ ದೃಷ್ಟಿಯನ್ನಿತ್ತುದನ್ನು ಕನ್ನಡಿಗರು ಮರೆಯಲಾರರು. ಮುಂಬಯಿಯ ಜೆ. ಜೆ., ಪುಣೆಯ ಸಸೂನ್, ಚೆನ್ನೈಯ ಎಗ್ಮೋರ್ ಕಣ್ಣಾಸ್ಪತ್ರೆ, ಹೈದರಾಬಾದಿನ ಸರೋಜಿನಿ ದೇವಿ ಆಸ್ಪತ್ರೆ, ದಿಲ್ಲಿಯ ಏಮ್ಸ್, ಬೆಂಗಳೂರಿನ ಮಿಂಟೋ ಇವೆಲ್ಲ ಸರ್ಕಾರಿ ಆಸ್ಪತ್ರೆಗಳೇ. ಇ.ಎಸ್.ಐ. ಸೌಲಭ್ಯವುಳ್ಳ ಕೆಲಸಗಾರರು ಚಿಕಿತ್ಸೆಯನ್ನೂ, ನಿಯಮಾನುಸಾರ ರಜೆಯ ಕಾಲದ ವೇತನದ ಒಂದು ಭಾಗವನ್ನೂ ಪಡೆಯಬಹುದು. ದೂರದ ನೋಟಕ್ಕೆ ಸಾಧಾರಣ ಮಸೂರ ಸಾಕು. ಓದಲು ಕನ್ನಡಕ ಬೇಕಾಗುವುದು, ಅಷ್ಟೇ. ಎಲ್ಲ ದೂರಕ್ಕೂ ಕಾಣುವುದೆಂಬ ಬೆಲೆಬಾಳುವ ಮಸೂರಗಳಿಂದ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆಗಳು ಕಾಣುವುದುಂಟು. ಸಾಲ ಮಾಡಿ ಅದನ್ನೇ ಹಾಕಿಸಬೇಕೆಂಬ ಮಾತಿಗೆ ಮರುಳಾಗಬಾರದು.

ಉಳಿದುದು ಕೆಲಸ ಹೋದೀತೆಂಬ ಭಯ. ಮೂರರಲ್ಲಿ ಇದೊಂದೇ ನಿಜವಾದ ಭಯ. ಇದಕ್ಕೆ ಮದ್ದು ವೈದ್ಯರ ಕೈಯಲ್ಲಿಲ್ಲ, ಮಾಲಿಕರ ಕೈಯಲ್ಲಿದೆ. ಇಪ್ಪತ್ತು ವರ್ಷ ಒಲೆಯ ಮುಂದೆ ಬೆಂದವನಿಗೆ ಮೂರು ನಾಲ್ಕು ವಾರ ಹೊಗೆಯಿಂದ ದೂರವಿರುವ ರಜೆಯನ್ನೋ ಹಗುರವಾದ ಕೆಲಸವನ್ನೋ ಕೊಡುವುದು ದಾನವಲ್ಲ, ಋಣ ತೀರಿಸುವುದು. ಮಬ್ಬುಗಣ್ಣಿನವನನ್ನು ಕುದಿಯುವ ಎಣ್ಣೆಯ ಬಳಿ ನಿಲ್ಲಿಸುವುದು ಹೋಟೇಲಿಗೂ ಕ್ಷೇಮವಲ್ಲ. ನಾಟಕ, ಸನ್ಮಾನ, ವಾರ್ಷಿಕೋತ್ಸವಗಳಿಗೆ ಹಣ ಕೂಡಿಸಬಲ್ಲ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯನ್ನು ಏರ್ಪಡಿಸುವುದು ಅಸಾಧ್ಯವೇನಲ್ಲ. ಆಸ್ಪತ್ರೆಗೆ ಒಬ್ಬಂಟಿಯಾಗಿ ಹೋಗಲು ಅಂಜುವವನ ಜೊತೆಗೆ ಒಬ್ಬ ಸದಸ್ಯ ಹೋದರೂ ಅದು ದೊಡ್ಡ ಸೇವೆ.

ಊರಿನಲ್ಲಿ ಉಳಿದ ತಾಯಂದಿರನ್ನೂ ನೆನೆಯಬೇಕು. ನಮ್ಮ ದೇಶದಲ್ಲಿ ಗಂಡಸರಿಗೆ ದೊರೆಯುವಷ್ಟು ಸುಲಭವಾಗಿ ಈ ಚಿಕಿತ್ಸೆ ಹೆಂಗಸರಿಗೆ ದೊರೆಯುತ್ತಿಲ್ಲ. "ನನಗೇನೂ ಆಗಿಲ್ಲ ಮಗಾ, ಮನೆಯೊಳಗೆ ತಡವಿಕೊಂಡು ಹೋದರಾಯಿತು" ಎಂದು ಅವರು ಫೋನಿನಲ್ಲಿ ಹೇಳುವುದನ್ನು ನಂಬಿ ಸುಮ್ಮನಾಗಬಾರದು. ಮುಂದಿನ ಸಲ ಊರಿಗೆ ಹೋಗುವ ನಮ್ಮ ಓದುಗರು ಸೀರೆಯ ಜೊತೆಗೆ ತಾಯಿಗಾಗಿ ಎರಡು ದಿನದ ಬಿಡುವನ್ನೂ ಒಯ್ಯಲಿ. ಆಕೆಯನ್ನು ಕಣ್ಣಿನ ವೈದ್ಯರಿಗೆ ತೋರಿಸಿ ಬರಲಿ ಎಂಬುದು ನಮ್ಮ ವಿನಂತಿ.