ಅಪ್ಪೆಮಿಡಿ ಹಡಗೇರುವ ಮುನ್ನ: ಸಂಸ್ಕರಿತ ಆಹಾರದ ಸಮುದ್ರಮಾರ್ಗ ರಫ್ತು



ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಮನೆಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಮತ್ತು ಒಣಗಿಸಿದ ಮುರುಗಲು ವಿದೇಶದಲ್ಲಿರುವ ಬಂಧುಗಳಿಗೆ ಅಂಚೆ ಅಥವಾ ಕೊರಿಯರ್ ಮೂಲಕ ತಲುಪುವುದು ಹಳೆಯ ರೂಢಿ. ಈ ರೂಢಿಯನ್ನೇ ಕಿರು ವ್ಯಾಪಾರವಾಗಿ ಬೆಳೆಸಿಕೊಂಡವರಿಗೆ 2025ನೇ ವರ್ಷ ಕಠಿಣವಾಯಿತು. ಅಮೆರಿಕವು 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ನೀಡುತ್ತಿದ್ದ ಸುಂಕ ವಿನಾಯಿತಿಯನ್ನು ಆ ವರ್ಷದ ಆಗಸ್ಟ್ 29ರಿಂದ ಹಿಂತೆಗೆದುಕೊಂಡಿತು. ಭಾರತೀಯ ಅಂಚೆ ಇಲಾಖೆ ಆ ದೇಶಕ್ಕೆ ಸರಕಿನ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿದಾಗ ಸುಂಕವನ್ನು ಬುಕಿಂಗ್ ವೇಳೆಯಲ್ಲೇ ಕಟ್ಟಬೇಕಾಯಿತು.

ಹೀಗಾಗಿ ಹಲವರ ಗಮನ ಹಡಗಿನ ಕಡೆಗೆ ತಿರುಗಿದೆ. ಸಮುದ್ರಮಾರ್ಗದಲ್ಲಿ ಪ್ರತಿ ಕಿಲೋಗ್ರಾಂ ಸಾಗಣೆ ವೆಚ್ಚ ವಿಮಾನಕ್ಕಿಂತ ಬಹಳ ಕಡಿಮೆ ಎಂಬುದು ನಿಜ. ಆದರೆ ಆ ಉಳಿತಾಯ ಒಂಟಿ ಮನೆಗೆ ದಕ್ಕುವುದಿಲ್ಲ. ಸರಕನ್ನು ಒಟ್ಟುಗೂಡಿಸುವ ಸಂಘಕ್ಕೆ ಮಾತ್ರ ದಕ್ಕುತ್ತದೆ ಎಂಬುದನ್ನು ಮೊದಲೇ ಅರಿಯಬೇಕು.

ಪ್ರಮಾಣದ ಲೆಕ್ಕ

20 ಅಡಿಯ ಕಂಟೇನರ್‌ನ ಒಳ ಅಳತೆ ಸುಮಾರು 33 ಘನ ಮೀಟರ್. ಇದನ್ನು ತುಂಬಲಾಗದವರು ಇತರರ ಸರಕಿನೊಡನೆ ಪಾಲು ಕಂಟೇನರ್‌ನಲ್ಲಿ ಕಳುಹಿಸಬಹುದು. ಅಲ್ಲಿ ಬಾಡಿಗೆಯು ಘನ ಮೀಟರ್ ಅಥವಾ ಟನ್, ಯಾವುದು ಹೆಚ್ಚೋ ಅದರ ಮೇಲೆ ನಿಗದಿಯಾಗುತ್ತದೆ. ಉದಾಹರಣೆಗೆ, 40×30×25 ಸೆಂ.ಮೀ. ಅಳತೆಯ ರಟ್ಟಿನ ಪೆಟ್ಟಿಗೆಗಳು ಒಂದು ಘನ ಮೀಟರ್‌ಗೆ 33 ಹಿಡಿಯುತ್ತವೆ. ಪೆಟ್ಟಿಗೆಗೆ ಅರ್ಧ ಕಿಲೋದ 24 ಬಾಟಲಿಗಳೆಂದರೆ 792 ಬಾಟಲಿ, ಅಂದರೆ ಸುಮಾರು 400 ಕಿಲೋ ಉಪ್ಪಿನಕಾಯಿ. ಒಂದು ಕುಟುಂಬ ಒಂದೇ ರುಚಿ ಮತ್ತು ಒಂದೇ ಗುಣಮಟ್ಟದಲ್ಲಿ ಇಷ್ಟನ್ನು ತಯಾರಿಸುವುದು ಕಷ್ಟ. ದಾಖಲೆ, ಪ್ರಯೋಗಾಲಯ ಪರೀಕ್ಷೆ, ಬಂದರಿನ ಶುಲ್ಕಗಳ ಬಹುಭಾಗ ಸರಕು ಒಂದು ಪೆಟ್ಟಿಗೆಯಿರಲಿ, ನೂರಿರಲಿ, ಬದಲಾಗುವುದಿಲ್ಲ. ಮಂಗಳೂರಿನ ಪಣಂಬೂರು ಅಥವಾ ಮುಂಬೈ ಸಮೀಪದ ನ್ಹಾವಾ ಶೇವಾವರೆಗಿನ ಲಾರಿ ಬಾಡಿಗೆಯೂ ಹಂಚಿಕೊಂಡರೆ ಮಾತ್ರ ಹಗುರ.

ಈ ಭಾಗಕ್ಕೆ ಸಹಕಾರ ಹೊಸದಲ್ಲ. 1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಅಡಿಕೆಯನ್ನು ಒಟ್ಟುಗೂಡಿಸಿ ಮಾರುವ ಪದ್ಧತಿಯನ್ನು ನೂರು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಉಪ್ಪಿನಕಾಯಿಗೂ ಅದೇ ಶಿಸ್ತು ಬೇಕು.

ಕಾಲ, ಶಾಖ ಮತ್ತು ತೇವಾಂಶ

2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದ ನಂತರ ಯುರೋಪ್ ಹಾಗೂ ಅಮೆರಿಕದ ಪೂರ್ವ ಕರಾವಳಿಗೆ ಹೋಗುವ ಅನೇಕ ಹಡಗುಗಳು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಸಾಗಿದವು. ಇದರಿಂದ ಪ್ರಯಾಣಕ್ಕೆ 10ರಿಂದ 14 ದಿನ ಹೆಚ್ಚಾಯಿತು. ಬಂದರಿನ ಕಾಯುವಿಕೆ, ತಪಾಸಣೆ ಸೇರಿದರೆ ಶಿರಸಿಯಿಂದ ಹೊರಟ ಪೆಟ್ಟಿಗೆ ಅಂಗಡಿ ತಲುಪಲು ಎರಡು ತಿಂಗಳಿಗೂ ಮೇಲ್ಪಟ್ಟು ಹಿಡಿಯಬಹುದು. ಆದ್ದರಿಂದ ಆರು ತಿಂಗಳು ಬಾಳುವ ಪದಾರ್ಥವನ್ನು ದೂರದ ದೇಶಕ್ಕೆ ಕಳುಹಿಸುವುದು ಸೂಕ್ತವಲ್ಲ. ಕನಿಷ್ಠ ಒಂದು ವರ್ಷದ ಬಾಳಿಕೆಯನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ.

ಬಿಸಿಲಿನಲ್ಲಿ ನಿಂತ ಕಂಟೇನರ್‌ನ ಒಳಗೆ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ರಾತ್ರಿ ತಣಿದಾಗ ಒಳಗಿನ ತೇವ ಮೇಲ್ಛಾವಣಿಯಲ್ಲಿ ಹನಿಗಟ್ಟಿ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ಇದರ ಪರಿಣಾಮ ಪದಾರ್ಥಕ್ಕೆ ತಕ್ಕಂತೆ ಬೇರೆ ಬೇರೆ:

• ಚಿಪ್ಸ್: ಎಣ್ಣೆ ಕಮಟುತ್ತದೆ. ಅಲ್ಯೂಮಿನಿಯಂ ಪದರವುಳ್ಳ ಪೊಟ್ಟಣದಲ್ಲಿ ಸಾರಜನಕ ತುಂಬಿ ಮುಚ್ಚಬೇಕು.
• ಹಪ್ಪಳ: ಮಳೆಗಾಲದಲ್ಲಿ ಕಟ್ಟಿದ್ದು ಬೂಸಲು ಹಿಡಿಯುವ ಸಂಭವ ಹೆಚ್ಚು. ಬೇಸಿಗೆಯಲ್ಲೇ ಒಣಗಿಸಿ ಗಾಳಿಯಾಡದಂತೆ ಕಟ್ಟಿ.
• ಜೋನಿ ಬೆಲ್ಲ: ನೀರಿನಂಶ ಹೆಚ್ಚಿದ್ದರೆ ಹುಳಿಯೆದ್ದು ಡಬ್ಬಿ ಉಬ್ಬುತ್ತದೆ. ಮೊದಲ ಪ್ರಯತ್ನಕ್ಕೆ ಇದನ್ನು ಆರಿಸದಿರುವುದು ಒಳಿತು.
• ಅಪ್ಪೆಮಿಡಿ: ಉಪ್ಪು ಮತ್ತು ಸಹಜ ಹುಳಿಯಿಂದಾಗಿ ದೀರ್ಘ ಪ್ರಯಾಣ ತಾಳಬಲ್ಲದು, ಮುಚ್ಚಳದ ಸೋರಿಕೆಯೇ ಮುಖ್ಯ ಶತ್ರು. ಬಾಟಲಿಯನ್ನು ತಲೆಕೆಳಗಾಗಿ ಕೆಲವು ದಿನ ಇಟ್ಟು ಪರೀಕ್ಷಿಸಿ.

ಮರದ ಹಲಗೆ ಅಥವಾ ಪ್ಯಾಲೆಟ್ ಬಳಸುವುದಾದರೆ ಅದು 56 ಡಿಗ್ರಿಯಲ್ಲಿ 30 ನಿಮಿಷ ಶಾಖೋಪಚಾರ ಪಡೆದು ಅಂತಾರಾಷ್ಟ್ರೀಯ ಮುದ್ರೆ ಹೊಂದಿರಬೇಕು. ಊರಿನ ಸಾಮಿಲ್‌ನ ಹಲಗೆಯಿಂದ ಮಾಡಿದ ಪೆಟ್ಟಿಗೆಯ ಕಾರಣಕ್ಕೇ ಒಳ್ಳೆಯ ಸರಕು ಹಿಂದಿರುಗಬಹುದು.

ನಿಯಮಗಳು

ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಸಂಕೇತ ಸಂಖ್ಯೆ ಹಾಗೂ ಎಫ್‌ಎಸ್‌ಎಸ್‌ಎಐ ಪರವಾನಗಿ ಅಗತ್ಯ. ಉಪ್ಪಿನಕಾಯಿ, ಹಪ್ಪಳ, ಬೆಲ್ಲಕ್ಕೆ ಅಪೆಡಾ ನೋಂದಣಿ ಬೇಕು. ಕಾಳುಮೆಣಸು, ಏಲಕ್ಕಿಯಂತೆ ಮುರುಗಲು ಕೂಡ ಸಂಬಾರ ಮಂಡಳಿಯ ಪಟ್ಟಿಯಲ್ಲಿದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಅಮೆರಿಕಕ್ಕೆ ಕಳುಹಿಸುವ ತಯಾರಿಕಾ ಘಟಕ ಅಲ್ಲಿನ ಎಫ್‌ಡಿಎಯಲ್ಲಿ ನೋಂದಣಿಯಾಗಿರಬೇಕು; ಪ್ರತಿ ಸಮ ಸಂಖ್ಯೆಯ ವರ್ಷದ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ಅದನ್ನು ನವೀಕರಿಸಬೇಕು. ಸರಕು ತಲುಪುವ ಮುನ್ನ ಮುಂಗಡ ಸೂಚನೆಯನ್ನೂ ಸಲ್ಲಿಸಬೇಕು. ಕಳಲೆ, ಜೀಗುಜ್ಜೆಯಂತಹ ಹುಳಿಯಿಲ್ಲದ ಪದಾರ್ಥಕ್ಕೆ ವಿನೆಗರ್ ಅಥವಾ ನಿಂಬೆರಸ ಸೇರಿಸಿ ಮಾಡಿದ ಉಪ್ಪಿನಕಾಯಿ ಅಲ್ಲಿ ‘ಆಮ್ಲೀಕೃತ ಆಹಾರ’ ಎನಿಸಿಕೊಳ್ಳುತ್ತದೆ. ಅದರ ರಸಸಾರ 4.6 ಅಥವಾ ಅದಕ್ಕಿಂತ ಕಡಿಮೆಯಿರಬೇಕು, ತಯಾರಿಕಾ ವಿಧಾನವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಮಿಡಿ ಉಪ್ಪಿನಕಾಯಿ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ನಿಮ್ಮ ವಿಧಾನವನ್ನು ತೋರಿಸಿ ತಜ್ಞರಿಂದ ಲಿಖಿತವಾಗಿ ಪಡೆಯಿರಿ.

ಚೀಟಿಯಲ್ಲಿಯೂ ಎಚ್ಚರ ಬೇಕು. ಅಪ್ಪೆಮಿಡಿಯ ಮಸಾಲೆಯಲ್ಲಿ ಸಾಸಿವೆಯಿದೆ. ಯುರೋಪ್ ಒಕ್ಕೂಟ ಹಾಗೂ ಕೆನಡಾಗಳಲ್ಲಿ ಸಾಸಿವೆ ಅಲರ್ಜಿಕಾರಕವೆಂದು ಕಡ್ಡಾಯವಾಗಿ ನಮೂದಿಸಬೇಕಾದ ವಸ್ತು; ಅಮೆರಿಕದಲ್ಲಿ ಹಾಗಿಲ್ಲ, ಆದರೆ 2023ರ ಜನವರಿಯಿಂದ ಎಳ್ಳನ್ನು ಹಾಗೆ ನಮೂದಿಸಬೇಕು. ಆದ್ದರಿಂದ ಒಂದೇ ಚೀಟಿ ಎಲ್ಲ ದೇಶಗಳಿಗೂ ಹೊಂದುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರಗಳು ಭಾರತದ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಕಂಡುಬಂದ ಕಾರಣ ಕ್ರಮ ಕೈಗೊಂಡವು. ನಿಮ್ಮ ಮಿಡಿ ಕಾಡಿನ ಹೊಳೆದಂಡೆಯ ಮರದ್ದೇ ಆಗಿರಬಹುದು. ಪೇಟೆಯಿಂದ ತಂದ ಮೆಣಸಿನಪುಡಿಯಲ್ಲಿನ ಶೇಷವೇ ಇಡೀ ಸರಕನ್ನು ತಡೆಹಿಡಿಸಬಹುದು. ಕೊಂಡ ಪ್ರತಿ ಸಾಮಗ್ರಿಯ ಬಿಲ್ಲು, ತಂಡಸಂಖ್ಯೆ ಕಾಪಾಡಿರಿ.

ಶಿಫಾರಸುಗಳು

1. ಒಂದು ಪದಾರ್ಥ, ಒಂದು ದೇಶ, ಒಬ್ಬ ಖರೀದಿದಾರ ಎಂಬ ಮಿತಿಯಲ್ಲಿ ಆರಂಭಿಸಿ. ಹಡಗಿನಲ್ಲಿ ಸುಮಾರು ಒಂದು ವಾರದ ದೂರದಲ್ಲಿರುವ ದುಬೈ ಮೊದಲ ಪ್ರಯತ್ನಕ್ಕೆ ಯೋಗ್ಯ. ಅಲ್ಲಿ ಅರೇಬಿಕ್ ಭಾಷೆಯ ಚೀಟಿ ಬೇಕು.
2. ಗುಂಪಿನ ಎಲ್ಲ ಮನೆಗಳೂ ಒಂದೇ ಪಾಕವಿಧಾನ ಅನುಸರಿಸಲಿ. ಮಸಾಲೆ ಅರೆದು ಬಾಟಲಿ ತುಂಬುವ ಕೆಲಸ ಪರವಾನಗಿ ಪಡೆದ ಒಂದೇ ಘಟಕದಲ್ಲಿ ನಡೆಯಲಿ.
3. ಬಾಡಿಗೆ, ಸುಂಕ, ತಪಾಸಣೆ ಶುಲ್ಕಗಳು ಬದಲಾಗುತ್ತಲೇ ಇರುತ್ತವೆ. ರವಾನಿಸುವ ವಾರದ ದರವನ್ನು ಸರಕು ಸಾಗಣೆ ಏಜೆಂಟರಿಂದ ಲಿಖಿತವಾಗಿ ಪಡೆಯಿರಿ. ಸುಂಕ ಯಾರು ಕಟ್ಟಬೇಕೆಂಬುದು ಒಪ್ಪಂದದಲ್ಲಿರಲಿ.
4. ಮುಂಗಡ ಹಣ ಅಥವಾ ಬ್ಯಾಂಕಿನ ಸಾಖಪತ್ರವಿಲ್ಲದೆ ಸರಕು ಕಳುಹಿಸಬೇಡಿ. ಸಾಗಣೆ ವಿಮೆ ಮಾಡಿಸಿ.
5. ಪ್ರತಿ ತಂಡದ ಕೆಲವು ಬಾಟಲಿಗಳನ್ನು ಊರಿನಲ್ಲೇ ಉಳಿಸಿಕೊಳ್ಳಿ. ದೂರು ಬಂದಾಗ ಅವೇ ನಿಮ್ಮ ಸಾಕ್ಷಿ.

ತಡೆಹಿಡಿದ ಸರಕಿಗೆ ಬಂದರಿನಲ್ಲಿ ದಿನದ ಬಾಡಿಗೆ ಏರುತ್ತದೆ. ಹಿಂದಕ್ಕೆ ತರುವ ವೆಚ್ಚ ಸರಕಿನ ಬೆಲೆಯನ್ನೇ ಮೀರಬಹುದು. ಮಿಡಿಯ ಹಂಗಾಮು ವರ್ಷಕ್ಕೊಂದೇ. ಆದ್ದರಿಂದ ಈ ಸಲದ ಮಿಡಿ ಉಪ್ಪಿಗೆ ಬೀಳುವ ಮೊದಲೇ ಗುಂಪು ಕಟ್ಟಿ, ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಖರೀದಿದಾರರೊಡನೆ ಮಾತು ಮುಗಿಸಿಕೊಳ್ಳಿ. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಗುಂಪುಗಳಿಗೆ ಈ ಲೆಕ್ಕಾಚಾರವನ್ನು ಮೊದಲು ಕಾಗದದ ಮೇಲೆ ಮಾಡಿಸಬೇಕು. ಹೆಚ್ಚಿನ ಮಾರ್ಗದರ್ಶನಕ್ಕೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.