ಹಂಡೆ ಮಾರಿ ಟಬ್ ತರುವ ಮುನ್ನ

ನಮ್ಮ ಮನೆ ಬಚ್ಚಲನ್ನು ಈ ಬೇಸಿಗೆಯಲ್ಲಿ ಒಡೆದು ಕಟ್ಟಬೇಕು ಅಂತ ತೀರ್ಮಾನ ಆಗಿದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಒಂದು ಬಾತ್‌ಟಬ್ ಫೋಟೊ ಕಳಿಸಿದ್ದಾರೆ. ಬಿಳಿ ಬಣ್ಣದ್ದು, ಅಕ್ರಿಲಿಕ್. "ಹಳೇ ತಾಮ್ರದ ಹಂಡೆ ಗುಜರಿಗೆ ಹಾಕು, ಅರ್ಧ ದುಡ್ಡು ಅದ್ರಲ್ಲೇ ಬರುತ್ತೆ" ಅನ್ನೋದು ಅವರ ಲೆಕ್ಕ. ಫೋಟೊ ನೋಡಿದ ಅಜ್ಜಿ ಕೇಳಿದ್ದು ಒಂದೇ ಮಾತು: "ಇದಕ್ಕೆ ಹತ್ತೋದು ಹೆಂಗೆ, ಇಳಿಯೋದು ಹೆಂಗೆ ಮಾರಾಯ?"

ನಾನು ಅಜ್ಜಿಯ ಪಕ್ಷ. ಆದರೆ ಸುಮ್ಮನೆ ಬೇಡ ಅಂದರೆ ಚಿಕ್ಕಪ್ಪ ಒಪ್ಪುವವರಲ್ಲ, ಹಾಗಾಗಿ ಕೂತು ವಿಚಾರ ಮಾಡಿದೆ.

ಟಬ್‌ಗಳಲ್ಲಿ ಫೈಬರ್‌ದು ಅಗ್ಗ, ಹಗುರ. ಆದರೆ ಬೇಗ ಗೀರು ಬೀಳುತ್ತದೆ, ಹೊಳಪು ಹೋಗುತ್ತದೆ. ಅಕ್ರಿಲಿಕ್ ಅದಕ್ಕಿಂತ ವಾಸಿ, ಮೈಗೆ ತಣ್ಣಗೆ ಹತ್ತುವುದಿಲ್ಲ. ಅದರ ತಳಕ್ಕೆ ಸರಿಯಾಗಿ ಆಧಾರ ಕೊಡದಿದ್ದರೆ ಮಾತ್ರ ಬಾಗಿ ಬಿರುಕು ಬಿಡುತ್ತದೆ. ಎನಾಮೆಲ್ ಬಳಿದ ಉಕ್ಕಿನ ಟಬ್ ಮೇಲೆ ಚೊಂಬು ಜಾರಿ ಬಿದ್ದರೆ ಚಕ್ಕೆ ಏಳುತ್ತದೆ, ಅಲ್ಲಿಂದ ತುಕ್ಕು ಶುರು. ಎರಕದ ಕಬ್ಬಿಣದ್ದು ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಖಾಲಿ ಟಬ್ಬೇ ನೂರು ಕಿಲೋ ದಾಟುತ್ತದೆ. ನಮ್ಮ ಮನೆಯ ದಾರಿಯಲ್ಲಿ ಅದನ್ನು ಹೊತ್ತು ತರುವವರು ಯಾರು?

ಇದೆಲ್ಲ ಪಕ್ಕಕ್ಕಿಡಿ. ನೀರಿನ ಲೆಕ್ಕ ನೋಡಿ. ಟಬ್ ತುಂಬಲು ಸುಮಾರು 150 ಲೀಟರ್ ಬೇಕು. ಎರಡು ಬಕೆಟ್‌ನಲ್ಲಿ ಸ್ನಾನ ಮುಗಿಸಿದರೆ 30 ಲೀಟರ್. ನಾವು ಆರು ಜನ. ಎಲ್ಲರೂ ಟಬ್‌ನಲ್ಲಿ ಮಿಂದರೆ ದಿನಕ್ಕೆ 900 ಲೀಟರ್. ಏಪ್ರಿಲ್‌ನಲ್ಲಿ ನಮ್ಮ ಬಾವಿಯಲ್ಲಿ ಕೊಡಪಾನ ಮುಳುಗುವುದೇ ಕಷ್ಟ. ಕರೆಂಟಿನದೂ ಅದೇ ಕತೆ. 25 ಡಿಗ್ರಿ ನೀರನ್ನು 40 ಡಿಗ್ರಿಗೆ ಕಾಯಿಸಲು ಒಂದು ಟಬ್‌ಗೆ ಎರಡೂವರೆ ಯೂನಿಟ್‌ಗಿಂತ ಹೆಚ್ಚು ಬೇಕು, ಎರಡು ಬಕೆಟ್‌ಗಾದರೆ ಸುಮಾರು ಅರ್ಧ ಯೂನಿಟ್ ಸಾಕು.

ಈಗ ಹಂಡೆ. ತಾಮ್ರ ಶಾಖವನ್ನು ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತದೆ. ಒಲೆಯ ಬೆಂಕಿ ಒಂದೇ ಕಡೆ ಇದ್ದರೂ ತಳವೆಲ್ಲ ಸಮನಾಗಿ ಕಾಯುತ್ತದೆ. (ತಳದಲ್ಲಿ ಬೆರಳು ದಪ್ಪ ಮಸಿ ಕಟ್ಟಿದ್ದರೆ ಈ ಗುಣವೆಲ್ಲ ನೀರಲ್ಲಿ ಹೋಮ. ಆಗಾಗ ಕೆರೆಯಿರಿ.) ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ತೂತಾದರೆ ಬೆಸುಗೆ ಹಾಕಿಸಬಹುದು. ನಮ್ಮ ಹಂಡೆ ಅಜ್ಜಿ ಮದುವೆಯಾಗಿ ಬರುವ ಮೊದಲೇ ಈ ಮನೆಯಲ್ಲಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಕಟ್ಟುತ್ತೇವೆ. ಅಕ್ರಿಲಿಕ್ ಟಬ್‌ಗೆ ಎಲ್ಲಿ ಕಟ್ಟುವುದು ಅಂತ ಚಿಕ್ಕಪ್ಪನನ್ನು ಕೇಳಬೇಕು.

ಹಂಡೆಗೆ ದೋಷ ಇಲ್ಲ ಅಂತಲ್ಲ. ಹೊಗೆ. ಬೆಳಿಗ್ಗೆ ಐದಕ್ಕೆದ್ದು ಊದಿ ಕಣ್ಣು ಕೆಂಪು ಮಾಡಿಕೊಂಡವರು ನಮ್ಮಮ್ಮ, ಹಂಡೆಯನ್ನು ಹೊಗಳುವ ಗಂಡಸರು ಯಾರೂ ಅಲ್ಲ. ಅದಕ್ಕೇ ಈ ಸಲ ಒಲೆಯ ಬಾಯಿ ಗೋಡೆಯ ಹೊರಗೆ, ಹೊಗೆ ಕೊಳವೆ ಮಾಡಿನ ಮೇಲೆ. ಹಾಗೆ ಮಾಡದಿದ್ದರೆ ಹಂಡೆ ಉಳಿಸಿಕೊಳ್ಳಿ ಅಂತ ಹೇಳುವ ಹಕ್ಕು ನನಗಿಲ್ಲ. ಉರಿಸಲು ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಇದ್ದೇ ಇದೆ.

ಹಂಡೆ ಮಾರಿದ ಮನೆಗಳಲ್ಲಿ ಸಾಮಾನ್ಯವಾಗಿ ಟಬ್ ಬರುವುದಿಲ್ಲ, ಬಕೆಟ್‌ನೊಳಗೆ ಇಳಿಬಿಡುವ ಕಾಯಿಲ್ ಬರುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕೀಳದೆ ಆ ನೀರಿಗೆ ಕೈ ಹಾಕಬೇಡಿ, ಕಬ್ಬಿಣದ ಬಕೆಟ್‌ನಲ್ಲಿ ಇಡಬೇಡಿ. ಮನೆಗೆ ಇಎಲ್‌ಸಿಬಿ ಹಾಕಿಸಿ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ನೆಲಕ್ಕೆ ಮಾಡಿ. ಎರಡು ವರ್ಷದ ಹಿಂದೆ ನಮ್ಮಜ್ಜ ನೆಂಟರ ಮನೆಯ ಹೊಳೆಯುವ ಟೈಲ್ಸ್ ಮೇಲೆ ಸೋಪಿನ ನೀರಲ್ಲಿ ಜಾರಿದರು. ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಹಾಸಿಗೆಯಿಂದ ಏಳಲೇ ಇಲ್ಲ. ಟಬ್ ಅಂದರೆ ಮೊಣಕಾಲೆತ್ತರದ ಅಂಚು ದಾಟಿ ನುಣುಪಾದ ಒದ್ದೆ ಜಾಗಕ್ಕೆ ಕಾಲಿಡುವುದು. ಅಜ್ಜಿ ಕೇಳಿದ್ದು ಅದನ್ನೇ.

ಹಾಗಾಗಿ ನಮ್ಮ ಬಚ್ಚಲಿಗೆ ಒರಟು ಮೈಯ ಕಲ್ಲು ಚಪ್ಪಡಿ, ನೀರು ನಿಲ್ಲದಷ್ಟು ಇಳಿಜಾರು, ಕೂತು ಮೀಯಲು ಒಂದು ಕಟ್ಟೆ, ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ಪೈಪು. ಚಿಕ್ಕಪ್ಪನಿಗೆ ಈ ಲೆಕ್ಕವನ್ನೆಲ್ಲ ಬರೆದು ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ಸೋಮವಾರ ಮೇಸ್ತ್ರಿ ಬರುತ್ತಾರೆ.